ಸರಳರೇಖೆಗೆ ಅಲೆ ಕೊಡುವುದು: ವೆಕ್ಟರ್ ಆಕೃತಿಗಳನ್ನು ಬಾಗಿಸಿದ ಅನುಭವ

ಐದು ಅಡ್ಡಪಟ್ಟಿಗಳ ಒಂದು ಬ್ಯಾನರ್, ಅದರ ಮೇಲೊಂದು ಶೀರ್ಷಿಕೆ, ಕೆಳಗೆ ಚೌಕಳಿ ನೆಲ: ನಾನು ಇಂಕ್‌ಸ್ಕೇಪ್ ಎಂಬ ವೆಕ್ಟರ್ ತಂತ್ರಾಂಶದಲ್ಲಿ (ಚಿತ್ರವನ್ನು ಬಿಂದು, ರೇಖೆಗಳ ಲೆಕ್ಕವಾಗಿ ಬರೆದಿಡುವಂಥದು) ಬಿಡಿಸಬೇಕಾಗಿದ್ದ ಚಿತ್ರದಲ್ಲಿ ಇದ್ದುದು ಇಷ್ಟೇ. ಚಪ್ಪಟೆಯಾಗಿ ಬಿಡಿಸುವುದಾದರೆ ಇದು ಆಯತಗಳನ್ನು ಜೋಡಿಸುವ ಕೆಲಸ, ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಆದರೆ ಬ್ಯಾನರ್ ಗಾಳಿಗೆ ಅಲೆಯಾಡುವಂತೆ ಕಾಣಬೇಕಿತ್ತು, ನೆಲ ಹಿಂದಕ್ಕೆ ಸರಿದಂತೆಲ್ಲ ಕಿರಿದಾಗಬೇಕಿತ್ತು, ಅಕ್ಷರಗಳು ಬಟ್ಟೆಯ ಮೇಲೆ ಅಚ್ಚಾದವುಗಳಂತೆ ಅದರ ಜೊತೆಗೇ ಬಾಗಬೇಕಿತ್ತು. ಇದಕ್ಕೆಲ್ಲ ಬೇಕಾದ ಆಜ್ಞೆಗಳು ಮೆನುವಿನಲ್ಲಿ ಸಿದ್ಧವಾಗಿಯೇ ಇರುತ್ತವೆ. ಅವನ್ನು ಒತ್ತುವುದಕ್ಕೆ ಮುಂಚೆ ಆಕೃತಿಯನ್ನು ಹೇಗೆ ಅಣಿಗೊಳಿಸಿದ್ದೇವೆ ಎಂಬುದರ ಮೇಲೆಯೇ ಫಲಿತಾಂಶದ ಬಹುಪಾಲು ನಿಂತಿದೆ ಎಂದು ಕೆಲಸ ಮುಗಿಯುವ ಹೊತ್ತಿಗೆ ನನಗೆ ಖಚಿತವಾಗಿತ್ತು. ಆದ್ದರಿಂದ ಇಲ್ಲಿ ಆ ಸಿದ್ಧತೆಯ ಬಗ್ಗೆಯೇ ಹೆಚ್ಚು ಬರೆಯುತ್ತಿದ್ದೇನೆ.

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಸರಿಸುವುದು, ತಿರುಗಿಸುವುದು, ಹಿಗ್ಗಿಸುವುದು, ಓರೆಮಾಡುವುದು ಇವೆಲ್ಲ ಒಂದೇ ಕುಲಕ್ಕೆ ಸೇರಿದ ಕ್ರಿಯೆಗಳು. ಇಂಕ್‌ಸ್ಕೇಪ್ ಚಿತ್ರವನ್ನು ಉಳಿಸುವ ಎಸ್‌ವಿಜಿ ಕಡತದಲ್ಲಿ ಇವುಗಳಲ್ಲಿ ಯಾವುದನ್ನಾದರೂ, ಅಥವಾ ಎಲ್ಲವನ್ನೂ ಒಟ್ಟುಗೂಡಿಸಿ, ಆರು ಸಂಖ್ಯೆಗಳ ಒಂದು ಮ್ಯಾಟ್ರಿಕ್ಸ್ ಆಗಿ ಬರೆದಿಡಬಹುದು. ಮೂಲ ಆಕೃತಿಯನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ. ಇವುಗಳ ಲಕ್ಷಣವೆಂದರೆ ಸಮಾಂತರವಾಗಿದ್ದ ರೇಖೆಗಳು ಏನು ಮಾಡಿದರೂ ಸಮಾಂತರವಾಗಿಯೇ ಉಳಿಯುತ್ತವೆ. ಅಲೆ, ಉಬ್ಬು, ಸುರುಳಿ, ಪರ್‌ಸ್ಪೆಕ್ಟಿವ್ (ದೂರ ಸರಿದಂತೆ ಕಿರಿದಾಗಿ ಕಾಣಿಸುವುದು) ಈ ಕುಲದವಲ್ಲ. ಅವು ಆ ಆರು ಸಂಖ್ಯೆಗಳ ಅಳವಿಗೆ ಸಿಗುವುದಿಲ್ಲವಾದ್ದರಿಂದ ತಂತ್ರಾಂಶವು ಆಕೃತಿಯ ಬಿಂದುಗಳನ್ನೇ ಒಂದೊಂದಾಗಿ ಹೊಸ ಜಾಗಕ್ಕೆ ಬರೆಯಬೇಕಾಗುತ್ತದೆ.

ತೊಡಕು ಹುಟ್ಟುವುದು ಇಲ್ಲಿಂದಲೇ. ವೆಕ್ಟರ್ ಚಿತ್ರದ ವಕ್ರರೇಖೆಗಳು ಬಹುತೇಕ ಬೆಜಿಯೇ ರೇಖೆಗಳು. ರೆನೋ ಕಾರು ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೇ ಅವರ ಹೆಸರು ಅವಕ್ಕೆ ನಿಂತಿದೆ. ಸಿಟ್ರೊಎನ್ ಕಂಪನಿಯಲ್ಲಿದ್ದ ಪಾಲ್ ದ ಕಾಸ್ಟೆಲ್‌ಜೋ ಇದೇ ದಾರಿಯನ್ನು ಸ್ವತಂತ್ರವಾಗಿ 1959ರಲ್ಲೇ ಹಿಡಿದಿದ್ದರು. ಪ್ರತಿ ತುಂಡಿಗೂ ನಾಲ್ಕು ಬಿಂದುಗಳು: ಎರಡು ತುದಿಗಳಲ್ಲಿ ನೋಡ್, ನಡುವೆ ರೇಖೆಯ ಬಾಗನ್ನು ನಿರ್ಧರಿಸುವ ಎರಡು ಹ್ಯಾಂಡಲ್. ತಿರುಗಿಸುವಾಗ ಅಥವಾ ಓರೆಮಾಡುವಾಗ ಈ ನಾಲ್ಕು ಬಿಂದುಗಳನ್ನು ಸರಿಸಿದರೆ ಸಾಕು, ಇಡೀ ರೇಖೆ ತಪ್ಪಿಲ್ಲದೆ ಜೊತೆಗೆ ಬರುತ್ತದೆ. ಅಲೆಯ ವಿಷಯದಲ್ಲಿ ಈ ಭರವಸೆ ಇಲ್ಲ. ನಾಲ್ಕು ಬಿಂದುಗಳು ಸರಿಯಾದ ಜಾಗಕ್ಕೆ ಹೋಗಿರುತ್ತವೆ, ಅವುಗಳ ನಡುವಿನ ರೇಖೆ ಹೋಗಬೇಕಾದಲ್ಲಿಗೆ ಹೋಗಿರುವುದಿಲ್ಲ.

ಬ್ಯಾನರಿನ ಪಟ್ಟಿಗಳು ಆರಂಭದಲ್ಲಿ ಆಯತಗಳಾಗಿದ್ದವು. ಎಸ್‌ವಿಜಿಯಲ್ಲಿ ಆಯತವೆಂದರೆ ಎಲ್ಲಿದೆ, ಎಷ್ಟು ಅಗಲ, ಎಷ್ಟು ಎತ್ತರ, ಮೂಲೆ ಎಷ್ಟು ದುಂಡು ಎಂಬಿಷ್ಟೇ ಮಾಹಿತಿ. ಬಾಗಿದ ಅಂಚನ್ನು ಬರೆದಿಡಲು ಅದರಲ್ಲಿ ಎಡೆಯೇ ಇಲ್ಲ. ಆದ್ದರಿಂದ ಅವನ್ನು ಮೊದಲು ಪಾತ್ ಆಗಿ, ಅಂದರೆ ನೋಡ್‌ಗಳನ್ನು ಜೋಡಿಸುವ ರೇಖೆಗಳಾಗಿ, ಬದಲಿಸಿಕೊಂಡೆ; ಕಂಟ್ರೋಲ್, ಶಿಫ್ಟ್ ಮತ್ತು ಸಿ ಒಟ್ಟಿಗೆ ಒತ್ತಿದರೆ ಆಯಿತು. ಶೀರ್ಷಿಕೆಗೂ ಇದೇ ಕ್ರಮ, ಆದರೆ ಪಾತ್ ಆದ ಮೇಲೆ ಅದು ಪಠ್ಯವಾಗಿ ಉಳಿಯುವುದಿಲ್ಲ, ಕಾಗುಣಿತ ತಿದ್ದಲಾಗುವುದಿಲ್ಲ. ಹೀಗಾಗಿ ಪಠ್ಯದ ಮೂಲ ಪ್ರತಿಯೊಂದನ್ನು ಬೇರೆ ಲೇಯರ್‌ನಲ್ಲಿ ಇಟ್ಟು, ಅದಕ್ಕೆ ಬೀಗ ಹಾಕಿ ಮರೆಮಾಡಿದೆ. ಇಲ್ಲಸ್ಟ್ರೇಟರ್ ಎಂಬ ಇನ್ನೊಂದು ವೆಕ್ಟರ್ ತಂತ್ರಾಂಶ ಬಳಸುವವರಿಗೆ ಈ ತಾಪತ್ರಯವಿಲ್ಲ. ಅಲ್ಲಿನ ಎನ್ವಲಪ್ (ಆಕೃತಿಯನ್ನು ಒಂದು ಅಚ್ಚಿನ ಆಕಾರಕ್ಕೆ ಬಾಗಿಸುವ ಪರಿಣಾಮ) ಒಳಗೆ ಪಠ್ಯ ಪಠ್ಯವಾಗಿಯೇ ಇರುತ್ತದೆ, ಯಾವಾಗ ಬೇಕಾದರೂ ಒಳಹೊಕ್ಕು ತಿದ್ದಬಹುದು. ಕಮಾನು, ಬಾವುಟ, ಮೀನು, ಉಬ್ಬು ಮುಂತಾದ ಹದಿನೈದು ಸಿದ್ಧ ವಾರ್ಪ್ (ಬಾಗಿಸುವ) ಆಕಾರಗಳನ್ನೂ ಅದು ಕೊಡುತ್ತದೆ.

ಆಯತದಿಂದ ಬಂದ ಪಾತ್‌ಗೆ ಇರುವುದು ನಾಲ್ಕೇ ನೋಡ್, ಮೂಲೆಗೊಂದು. ಅಂಚುಗಳು ಸರಳರೇಖೆಗಳಾದ್ದರಿಂದ ಹ್ಯಾಂಡಲ್‌ಗಳೂ ಇಲ್ಲ. ಇದಕ್ಕೆ ಪೂರ್ತಿ ಒಂದು ಅಲೆ, ಅಂದರೆ ಒಂದು ಉಬ್ಬು ಮತ್ತು ಒಂದು ತಗ್ಗು, ಕೊಟ್ಟರೆ ಏನಾಗಬೇಕು? ಅಲೆಯ ಎರಡು ತುದಿಗಳಲ್ಲಿ ಎತ್ತರ ಸೊನ್ನೆ. ಮೂಲೆಗಳು ಇರುವುದೂ ಅಲ್ಲೇ. ಬಿಂದುಗಳನ್ನಷ್ಟೇ ಸರಿಸುವ ಬಗೆಯ ಪರಿಣಾಮವಾದರೆ ಅದು ಈ ಆಯತವನ್ನು ಒಂದಿಷ್ಟೂ ಅಲುಗಿಸುವುದಿಲ್ಲ. ಅಕ್ಷರಗಳಲ್ಲಿ ನೋಡ್‌ಗಳು ದಟ್ಟವಾಗಿರುವುದರಿಂದ ಅವು ಮಾತ್ರ ಚೆನ್ನಾಗಿ ಅಲೆಯಾಡುತ್ತವೆ, ಅವುಗಳ ಹಿಂದಿನ ಬಟ್ಟೆ ಹಲಗೆಯ ಹಾಗೆ ನೆಟ್ಟಗೆ ನಿಂತಿರುತ್ತದೆ.

ಹ್ಯಾಂಡಲ್‌ಗಳನ್ನು ಕೊಟ್ಟರೆ ಸಾಕಾಗಬಹುದೇ ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಪರದೆಯ ಮೇಲೆ ಕಣ್ಣಂದಾಜಿನಲ್ಲಿ ಎಳೆದಾಡುವುದಕ್ಕಿಂತ ಇದು ಬೇಗ ಮುಗಿಯುತ್ತದೆ. ಅಂಚಿನ ಉದ್ದ 300 ಎಂದೂ ಅಲೆಯ ಎತ್ತರ 30 ಎಂದೂ ಇಟ್ಟುಕೊಳ್ಳೋಣ. ನೋಡ್‌ಗಳು 0 ಮತ್ತು 300ರಲ್ಲಿ, ಹ್ಯಾಂಡಲ್‌ಗಳು 100 ಮತ್ತು 200ರಲ್ಲಿ. ಸೈನ್ ಅಲೆಯ ಪ್ರಕಾರ ಮೊದಲ ಹ್ಯಾಂಡಲ್ ಸುಮಾರು 26 ಮೇಲಕ್ಕೂ ಎರಡನೆಯದು 26 ಕೆಳಕ್ಕೂ ಹೋಗುತ್ತವೆ. ಬೆಜಿಯೇ ರೇಖೆ ತನ್ನ ಹ್ಯಾಂಡಲ್‌ಗಳನ್ನು ಮುಟ್ಟದೆ ಅವುಗಳ ಕಡೆಗೆ ವಾಲುತ್ತದೆ, ಅಷ್ಟೆ. ಹೀಗಾಗಿ ಈ ರೇಖೆಯ ಉಬ್ಬು 7.5ನ್ನು ಮೀರುವುದಿಲ್ಲ. ಕೇಳಿದ್ದು 30, ಬಂದದ್ದು ಅದರ ಕಾಲುಭಾಗ. ಸ್ಲೈಡರ್ ಅನ್ನು ಇನ್ನಷ್ಟು ಎಳೆದು ಎತ್ತರವನ್ನು ಸರಿದೂಗಿಸಬಹುದು ಎನ್ನಿಸುತ್ತದೆ, ಆದರೆ ಹಾಗೆ ಎಳೆದರೆ ನೋಡ್ ದಟ್ಟವಾಗಿರುವ ಅಕ್ಷರಗಳು ಬಟ್ಟೆಗಿಂತ ಹಲವು ಪಟ್ಟು ಮೇಲಕ್ಕೆ ಹಾರುತ್ತವೆ.

ನೋಡ್ ಉಪಕರಣದಲ್ಲಿ ಅಂಚಿನ ಎರಡೂ ತುದಿಗಳನ್ನು ಆರಿಸಿ ಇನ್ಸರ್ಟ್ ಕೀಲಿ ಒತ್ತಿದರೆ ನಡುವೆ ಒಂದು ಹೊಸ ನೋಡ್ ಬರುತ್ತದೆ. ಮತ್ತೆ ಒತ್ತಿದರೆ ನಾಲ್ಕು ತುಂಡು, ಮತ್ತೊಮ್ಮೆ ಒತ್ತಿದರೆ ಎಂಟು. ನಾಲ್ಕು ತುಂಡು ಮಾಡಿದಾಗ ನೋಡ್‌ಗಳು ಅಲೆಯ ನೆತ್ತಿಯಲ್ಲಿ, ತಳದಲ್ಲಿ, ಮತ್ತು ಸೊನ್ನೆಯನ್ನು ದಾಟುವ ಜಾಗಗಳಲ್ಲಿ ಸರಿಯಾಗಿ ಕೂರುತ್ತವೆ, ಉಬ್ಬು ಪೂರ್ತಿ 30ಕ್ಕೆ ಏರುತ್ತದೆ. ಆದರೆ ಝೂಮ್ ಮಾಡಿ ನೋಡಿದರೆ ನೆತ್ತಿಯಲ್ಲೊಂದು ಮೊನೆ. ಇದರ ಕಾರಣವೂ ಲೆಕ್ಕದಲ್ಲೇ ಇದೆ. ನೆತ್ತಿಯ ನೋಡ್‌ನ ಎರಡೂ ಬದಿಯ ಹ್ಯಾಂಡಲ್‌ಗಳು 25 ದೂರದಲ್ಲಿವೆ, ಅಲ್ಲಿ ಅಲೆಯ ಎತ್ತರ ಸುಮಾರು 26. ನೋಡ್ 30ರಲ್ಲಿದ್ದು ಹ್ಯಾಂಡಲ್‌ಗಳೆರಡೂ ಅದಕ್ಕಿಂತ ಕೆಳಗಿರುವುದರಿಂದ ಅವು ಒಂದೇ ಗೆರೆಯಲ್ಲಿ ಇರಲಾರವು. ಒಂದೊಂದು ಬದಿಗೂ ಸುಮಾರು 9 ಡಿಗ್ರಿ ಇಳಿಜಾರು ಸೇರಿ 18 ಡಿಗ್ರಿಯ ಮುರಿವು ಹುಟ್ಟುತ್ತದೆ. ಎಂಟು ತುಂಡು ಮಾಡಿದರೆ ಈ ಮುರಿವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಬಾಗಿಸಿದ ಮೇಲೆ ನೆತ್ತಿ ಮತ್ತು ತಳದ ನೋಡ್‌ಗಳನ್ನು ಆರಿಸಿ ನಯವಾದ ನೋಡ್‌ಗಳಾಗಿ ಬದಲಿಸುವುದೇ ಉಪಾಯ. ಶಿಫ್ಟ್ ಜೊತೆ ಎಸ್ ಒತ್ತಿದರೆ ಹ್ಯಾಂಡಲ್‌ಗಳೆರಡೂ ಒಂದೇ ಗೆರೆಗೆ ಬರುತ್ತವೆ.

ಹಾಗಾದರೆ ಮೂವತ್ತೆರಡೋ ಅರವತ್ತನಾಲ್ಕೋ ತುಂಡು ಮಾಡಿಬಿಟ್ಟರೆ ಚಿಂತೆಯೇ ಇಲ್ಲವಲ್ಲ ಎಂದು ಯಾರಿಗಾದರೂ ತೋಚುವುದು ಸಹಜ. ನನ್ನ ಅಭಿಪ್ರಾಯದಲ್ಲಿ ಅದು ಕೆಟ್ಟ ಚೌಕಾಸಿ. ನೋಡ್ ಹೆಚ್ಚಿದಷ್ಟೂ ಮುಂದೆ ಕೈಯಿಂದ ತಿದ್ದುವುದು ಕಷ್ಟವಾಗುತ್ತದೆ. ಒಂದು ಉಬ್ಬನ್ನು ಸ್ವಲ್ಪ ಎಡಕ್ಕೆ ಸರಿಸಬೇಕೆಂದರೆ ಹತ್ತಾರು ಬಿಂದುಗಳನ್ನು ಒಟ್ಟಿಗೆ ಹಿಡಿದೆಳೆಯಬೇಕು. ಸಿಂಪ್ಲಿಫೈ ಆಜ್ಞೆಯಿಂದ ಆಮೇಲೆ ಕಡಿಮೆ ಮಾಡಿಕೊಳ್ಳುವ ದಾರಿ ಇದೆಯಾದರೂ ಅದು ಅನಗತ್ಯ ನೋಡ್‌ಗಳ ಜೊತೆಗೆ ಪಟ್ಟಿಯ ಚೂಪು ಮೂಲೆಗಳನ್ನೂ ಸವೆಸುವ ಸಾಧ್ಯತೆ ಇರುತ್ತದೆ. ಒಂದು ಪೂರ್ಣ ಅಲೆಗೆ ಎಂಟು ತುಂಡು, ನೆತ್ತಿ ಮತ್ತು ತಳದಲ್ಲಿ ನಯವಾದ ನೋಡ್: ನಾನು ನಿಂತದ್ದು ಅಲ್ಲಿ. ಉದ್ದದ ಅಂಚುಗಳಿಗೆ ಮಾತ್ರ ನೋಡ್ ಸೇರಿಸಿದೆ. ಎಡಬಲದ ಗಿಡ್ಡ ಅಂಚುಗಳು ಈ ಅಲೆಯಲ್ಲಿ ನೇರವಾಗಿಯೇ ಇರುವುದರಿಂದ ಅವಕ್ಕೆ ಬೇಕಿಲ್ಲ.

ಎಲ್ಲ ಪರಿಣಾಮಗಳೂ ಬಿಂದುಗಳನ್ನಷ್ಟೇ ಸರಿಸಿ ಸುಮ್ಮನಾಗುತ್ತವೆ ಎಂದಲ್ಲ. ಕೆಲವು ಇಡೀ ರೇಖೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಬೇಕಾದಲ್ಲಿ ತಾವೇ ಹೊಸ ನೋಡ್ ಹಾಕುತ್ತವೆ. ಇಲ್ಲಸ್ಟ್ರೇಟರ್‌ನ ಎನ್ವಲಪ್ ಆಯ್ಕೆಗಳಲ್ಲಿ ಫಿಡೆಲಿಟಿ ಎಂಬ ಅಳತೆಯೊಂದಿದ್ದು, ಅದನ್ನು ಏರಿಸಿದಷ್ಟೂ ಆಕೃತಿ ಅಚ್ಚಿಗೆ ಹೆಚ್ಚು ನಿಖರವಾಗಿ ಹೊಂದುತ್ತದೆ ಮತ್ತು ಅದಕ್ಕೆ ತಕ್ಕಂತೆ ಬಿಂದುಗಳೂ ಹೆಚ್ಚುತ್ತವೆ. ಕೈಯಲ್ಲಿರುವ ಉಪಕರಣ ಯಾವ ಬಗೆಯದೆಂದು ತಿಳಿಯಲು ನಾನು ಮಾಡುವ ಪರೀಕ್ಷೆ ಸಣ್ಣದು. ಎರಡೇ ನೋಡ್ ಇರುವ ಒಂದು ಸರಳರೇಖೆ ಎಳೆದು ಅದಕ್ಕೆ ಪರಿಣಾಮವನ್ನು ಹಚ್ಚುತ್ತೇನೆ. ರೇಖೆ ಬಾಗಿದರೆ ತಂತ್ರಾಂಶವೇ ಯೋಚಿಸುತ್ತಿದೆ ಎಂದರ್ಥ, ಬಾಗದಿದ್ದರೆ ನೋಡ್ ಹಾಕುವ ಹೊಣೆ ನನ್ನದು.

ನೆಲದ ವಿಷಯ ಬೇರೆ. ಅಲ್ಲಿ ಬೇಕಾದದ್ದು ಪರ್‌ಸ್ಪೆಕ್ಟಿವ್, ಮತ್ತು ನಾಲ್ಕು ಮೂಲೆಗಳನ್ನು ಎಳೆದು ಕೂರಿಸಿದರೆ ಅದು ಪೂರ್ತಿ ನಿರ್ಧಾರವಾಗುತ್ತದೆ. ಆದರೆ ಅದೇ ನಾಲ್ಕು ಮೂಲೆಗಳಿಂದ ಎರಡು ಬೇರೆಬೇರೆ ಫಲಗಳು ಸಾಧ್ಯ. ಇಂಕ್‌ಸ್ಕೇಪ್‌ನ ಸಂಬಂಧಪಟ್ಟ ಪರಿಣಾಮದಲ್ಲಿ ಪರ್‌ಸ್ಪೆಕ್ಟಿವ್ ಮತ್ತು ಎನ್ವಲಪ್ ಎಂಬ ಎರಡು ಆಯ್ಕೆಗಳು ಒಂದರ ಪಕ್ಕದಲ್ಲೊಂದು ಇರುವುದು ಇದೇ ಕಾರಣಕ್ಕೆ. ಹೊರಗಿನ ನಾಲ್ಕು ಅಂಚುಗಳು ಎರಡರಲ್ಲೂ ಒಂದೇ ರೀತಿ ಕಾಣುವುದರಿಂದ ವ್ಯತ್ಯಾಸ ತಟ್ಟನೆ ಗೊತ್ತಾಗುವುದಿಲ್ಲ, ಒಳಗಿನ ಚೌಕಗಳನ್ನು ನೋಡಬೇಕು. ನನ್ನ ನೆಲದ ಮುಂದಿನ ಅಂಚು 400, ಹಿಂದಿನ ಅಂಚು 200, ಎತ್ತರ 150. ಎನ್ವಲಪ್ ಕ್ರಮದಲ್ಲಿ ನೆಲದ ನಡುಗೆರೆ 75ರಲ್ಲಿ ಬೀಳುತ್ತದೆ, ಅಂದರೆ ಹಿಂದಿನ ಸಾಲಿನ ಚೌಕಗಳೂ ಮುಂದಿನವುಗಳಷ್ಟೇ ಎತ್ತರ. ಇದು ನೆಲದಂತೆ ಕಾಣದೆ, ಮೇಲ್ಭಾಗ ಕಿರಿದಾದ ಒಂದು ಫಲಕದಂತೆ ನಮ್ಮೆದುರು ನಿಂತಿರುತ್ತದೆ. ಪರ್‌ಸ್ಪೆಕ್ಟಿವ್ ಕ್ರಮದಲ್ಲಿ ಕರ್ಣಗಳು ಕರ್ಣಗಳಾಗಿಯೇ ಉಳಿಯಬೇಕಾದ್ದರಿಂದ ನಡುಗೆರೆ ಅವು ಕೂಡುವ ಜಾಗದ ಮೂಲಕ, ಅಂದರೆ 100ರಲ್ಲಿ ಹಾಯುತ್ತದೆ. ಮುಂದಿನ ಅರ್ಧಕ್ಕೆ 100, ಹಿಂದಿನ ಅರ್ಧಕ್ಕೆ 50. ನೆಲ ಮಲಗುವುದು ಈ ಅಸಮಾನತೆಯಿಂದ. ಯಾವ ತಂತ್ರಾಂಶದಲ್ಲೇ ಆಗಲಿ, ಎರಡು ಕರ್ಣಗಳನ್ನು ಎಳೆದು ಅವು ಚೌಕಗಳ ಮೂಲೆಗಳ ಮೂಲಕವೇ ಹಾಯುತ್ತವೆಯೇ ಎಂದು ನೋಡಿದರೆ ಯಾವ ಕ್ರಮ ನಡೆದಿದೆ ಎಂಬುದು ತಿಳಿಯುತ್ತದೆ.

ಪರ್‌ಸ್ಪೆಕ್ಟಿವ್‌ನಲ್ಲಿ ಸರಳರೇಖೆ ಸರಳರೇಖೆಯಾಗಿಯೇ ಇರುತ್ತದೆ. ಹಾಗಾಗಿ ಚೌಕಗಳಿಗೆ ಹೆಚ್ಚುವರಿ ನೋಡ್ ಬೇಕಾಗಲಿಲ್ಲ. ನೆಲದ ನಡುವೆ ಒಂದು ದೊಡ್ಡ ವೃತ್ತವಿತ್ತು, ಅದಕ್ಕೆ ಮಾತ್ರ ಬೇಕಾಯಿತು. ನಾಲ್ಕು ನೋಡ್‌ಗಳ ಬೆಜಿಯೇ ವೃತ್ತ ನಿಜವಾದ ವೃತ್ತವಲ್ಲ. ಹ್ಯಾಂಡಲ್‌ಗಳನ್ನು ತ್ರಿಜ್ಯದ 0.5523 ಪಟ್ಟು ದೂರದಲ್ಲಿಟ್ಟಾಗ ಅದು ನಿಜವಾದ ವೃತ್ತದಿಂದ ಶೇಕಡಾ 0.03ರಷ್ಟು ಮಾತ್ರ ಆಚೀಚೆಯಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮೇಲೆ ಹೇಳಿದ ನೆಲಕ್ಕೆ ಅಂಚುಗಳನ್ನು ಮುಟ್ಟುವ ವೃತ್ತವನ್ನು ಹಾಕಿ ಬಿಂದುಗಳನ್ನು ಸರಿಸಿದರೆ ಆ ದೋಷ ಮುಂಭಾಗದಲ್ಲಿ ಸುಮಾರು ಶೇಕಡಾ 0.8ರಷ್ಟು ಹೊರಕ್ಕೂ ಹಿಂಭಾಗದಲ್ಲಿ ಸುಮಾರು 0.6ರಷ್ಟು ಒಳಕ್ಕೂ ಬೆಳೆಯುತ್ತದೆ. ನೋಡ್‌ಗಳಲ್ಲಿ ಮುರಿವು ಮಾತ್ರ ಬರುವುದಿಲ್ಲ, ಏಕೆಂದರೆ ಒಂದೇ ಗೆರೆಯಲ್ಲಿದ್ದ ಹ್ಯಾಂಡಲ್‌ಗಳು ಒಂದೇ ಗೆರೆಯಲ್ಲೇ ಉಳಿಯುತ್ತವೆ. ಚಿಕ್ಕ ಚಿತ್ರದಲ್ಲಿ ಇದನ್ನು ಬಿಟ್ಟುಬಿಡಬಹುದು. ನನ್ನ ವೃತ್ತದ ಅಂಚಿಗೆ ಒತ್ತಿಕೊಂಡು ಇನ್ನೊಂದು ತೆಳು ಉಂಗುರವಿದ್ದುದರಿಂದ ಎಂಟು ನೋಡ್ ಮಾಡಿಕೊಂಡೇ ಬಾಗಿಸಿದೆ.

ಚೌಕಗಳ ಸುತ್ತ ಗೆರೆ ಬೇಕೇ ಎಂಬ ಪ್ರಶ್ನೆ ಬಂತು. ಸ್ಟ್ರೋಕ್‌ನ, ಅಂದರೆ ಅಂಚಿನ ಗೆರೆಯ, ದಪ್ಪ ಕಡತದಲ್ಲಿ ಒಂದೇ ಒಂದು ಸಂಖ್ಯೆ. ಪಾತ್ ಎಷ್ಟೇ ಬಾಗಿದರೂ ಆ ಸಂಖ್ಯೆ ಬದಲಾಗುವುದಿಲ್ಲ. ಹಿಂದಿನ ಸಾಲಿನ ಪುಟ್ಟ ಚೌಕಕ್ಕೂ ಮುಂದಿನ ಸಾಲಿನ ದೊಡ್ಡ ಚೌಕಕ್ಕೂ ಒಂದೇ ದಪ್ಪದ ಗೆರೆ ಬಿದ್ದರೆ ಪರ್‌ಸ್ಪೆಕ್ಟಿವ್ ಕೊಟ್ಟ ಆಳವೆಲ್ಲ ಕೆಡುತ್ತದೆ. ಗೆರೆ ಬೇಕೇ ಬೇಕೆಂದಿದ್ದರೆ ಸ್ಟ್ರೋಕ್ ಟು ಪಾತ್ ಆಜ್ಞೆಯಿಂದ ಗೆರೆಯನ್ನೇ ಒಂದು ತೆಳು ಆಕೃತಿಯಾಗಿ ಮಾಡಿಕೊಂಡು ಆಮೇಲೆ ಬಾಗಿಸಬೇಕು. ನಾನು ಗೆರೆಯನ್ನೇ ಕೈಬಿಟ್ಟು ಎರಡು ಬಣ್ಣಗಳ ಫಿಲ್‌ನಿಂದ ಕೆಲಸ ಮುಗಿಸಿದೆ. ಒಂದು ಬಣ್ಣದಿಂದ ಇನ್ನೊಂದಕ್ಕೆ ಮೆಲ್ಲಗೆ ಬದಲಾಗುವ ಗ್ರೇಡಿಯಂಟ್‌ಗಳೂ ಇದೇ ಜಾತಿಯವು: ಆಕೃತಿ ಬಾಗಿದರೂ ಇಂಕ್‌ಸ್ಕೇಪ್‌ನಲ್ಲಿ ಅವು ನೇರವಾಗಿಯೇ ನಿಲ್ಲುತ್ತವೆ. ಅದೃಷ್ಟವಶಾತ್ ಬ್ಯಾನರಿನ ಅಲೆ ಬರೀ ಮೇಲೆ ಕೆಳಗೆ ಆಡುವಂಥದು. ಮಡಿಕೆಯ ನೆರಳು ಎಡದಿಂದ ಬಲಕ್ಕೆ ಬದಲಾದರೆ ಸಾಕಾದ್ದರಿಂದ ನೇರ ಗ್ರೇಡಿಯಂಟ್ ಅಲ್ಲಿ ಸರಿಯಾಗಿಯೇ ಕೂತಿತು.

ಅಕ್ಷರಗಳಿಗೆ ಹೆಚ್ಚು ಹೊತ್ತು ಹಿಡಿಯಿತು. ಬಟ್ಟೆಯನ್ನು ಮೇಲೆ ಕೆಳಗೆ ಸರಿಸುವ ಅಲೆಯಲ್ಲಿ ಅಕ್ಷರದ ನಿಂತ ಗೆರೆಗಳು ನಿಂತೇ ಇರುತ್ತವೆ, ಅಡ್ಡಗೆರೆಗಳು ಮಾತ್ರ ಇಳಿಜಾರಾಗುತ್ತವೆ. ಪಾತ್ ಗುಂಟ ಬಾಗಿಸುವ ಬೆಂಡ್ ಪರಿಣಾಮದಲ್ಲಾದರೆ ಅಕ್ಷರವೇ ಇಳಿಜಾರಿಗೆ ತಕ್ಕಂತೆ ತಿರುಗುತ್ತದೆ, ಮತ್ತು ಒಳಬಾಗಿನ ಬದಿಯಲ್ಲಿ ಅಕ್ಷರಗಳು ಒಂದನ್ನೊಂದು ಒತ್ತುತ್ತವೆ. ಕೆಳಗೆ ಒತ್ತಕ್ಷರಗಳಿದ್ದು ಅಂಚು ಒಳಕ್ಕೆ ಬಾಗಿದ್ದರೆ ಅವು ಮೊದಲು ಇಕ್ಕಟ್ಟಿಗೆ ಸಿಗುತ್ತವೆ. ಬಾವುಟದ ಮೇಲಿನ ಬರಹಕ್ಕೆ ಮೊದಲ ಬಗೆಯೇ ಸರಿ ಎಂದು ನನಗೆ ಅನ್ನಿಸಿತು. ಆದರೆ 300 ಉದ್ದಕ್ಕೆ 30 ಎತ್ತರದ ಅಲೆಯ ಅತಿ ಕಡಿದಾದ ಭಾಗ ಸುಮಾರು 32 ಡಿಗ್ರಿ ಇರುತ್ತದೆ, ಅಲ್ಲಿ ಕೂತ ದುಂಡು ಅಕ್ಷರ ಗುರುತು ಸಿಕ್ಕದಷ್ಟು ಓರೆಯಾಗುತ್ತದೆ. ತಲೆಕಟ್ಟು ಒಂದು ಕಡೆ ಜಾರಿ, ಕೆಳಗಿನ ಬಟ್ಟಲು ಇನ್ನೊಂದು ಕಡೆ ಹಿಗ್ಗಿದಂತೆ ಕಾಣುತ್ತಿತ್ತು. ಅಲೆಯ ಎತ್ತರವನ್ನು 15ಕ್ಕೆ ಇಳಿಸಿದಾಗ ಇಳಿಜಾರು 17 ಡಿಗ್ರಿಗೆ ಬಂತು. ಬಟ್ಟೆಗೂ ಅದನ್ನೇ ಕೊಟ್ಟೆ. 20 ಡಿಗ್ರಿಯ ಮೇಲೆ ಬರಹವನ್ನು ಓರೆಮಾಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನೊಂದು ತೊಡಕು ಚೌಕಟ್ಟಿನದು. ಎನ್ವಲಪ್ ಬಗೆಯ ಪರಿಣಾಮಗಳು ಆಕೃತಿಯ ಹೊರಚೌಕಟ್ಟನ್ನು ಅಳೆದು ಅದನ್ನು ಅಚ್ಚಿಗೆ ಹೊಂದಿಸುತ್ತವೆ. ಒಂದು ಪದದಲ್ಲಿ ಒತ್ತಕ್ಷರವಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಮೊದಲ ಪದದ ಚೌಕಟ್ಟು ಕೆಳಕ್ಕೆ ಇಳಿದಿರುತ್ತದೆ. ಎರಡನ್ನೂ ಪ್ರತ್ಯೇಕವಾಗಿ ಬಾಗಿಸಿದರೆ ಒತ್ತಿಲ್ಲದ ಪದ ಅಷ್ಟೇ ಜಾಗವನ್ನು ತುಂಬಲು ಉದ್ದಕ್ಕೆ ಹಿಗ್ಗಿ, ಎರಡು ಪದಗಳ ಅಕ್ಷರಗಾತ್ರವೇ ಬೇರೆಯಾಗಿಬಿಡುತ್ತದೆ. ಇದಕ್ಕಾಗಿ ಎರಡೂ ಪದಗಳನ್ನು, ಅವುಗಳ ಹಿಂದೆ ಬ್ಯಾನರಿನಷ್ಟೇ ಅಳತೆಯ ಒಂದು ಆಯತದ ಪಾತ್ ಅನ್ನೂ ಸೇರಿಸಿ ಒಂದೇ ಗುಂಪು ಮಾಡಿದೆ. ಈಗ ಚೌಕಟ್ಟು ಅಕ್ಷರಗಳನ್ನು ಅವಲಂಬಿಸದೆ ಆಯತದಿಂದ ನಿಗದಿಯಾಗುತ್ತದೆ. ಬಾಗಿಸಿದ ಫಲವನ್ನು ಸ್ಥಿರಗೊಳಿಸಿದ (ಬಾಗಿದ ಆಕಾರವನ್ನೇ ಸಾಮಾನ್ಯ ಪಾತ್ ಆಗಿ ಮಾಡಿಕೊಂಡ) ಮೇಲೆ ಆ ಆಯತವನ್ನು ಅಳಿಸಿಹಾಕಿದರಾಯಿತು.

ಸ್ಥಿರಗೊಳಿಸುವುದನ್ನು ಮಾತ್ರ ಆದಷ್ಟು ಮುಂದೂಡಿದೆ. ಇಂಕ್‌ಸ್ಕೇಪ್‌ನ ಲೈವ್ ಪಾತ್ ಎಫೆಕ್ಟ್‌ಗಳು ಮೂಲ ಪಾತ್ ಮತ್ತು ಬಾಗಿದ ಪಾತ್ ಎರಡನ್ನೂ ಕಡತದಲ್ಲಿ ಒಟ್ಟಿಗೆ ಇಟ್ಟಿರುತ್ತವೆ. ಬ್ರೌಸರ್ ಅಥವಾ ಬೇರೆ ತಂತ್ರಾಂಶ ಓದುವುದು ಬಾಗಿದ ಪಾತ್ ಅನ್ನು, ಇಂಕ್‌ಸ್ಕೇಪ್ ಮತ್ತೆ ತೆರೆದಾಗ ಮೂಲವನ್ನು ಹಿಡಿದು ಹೊಸದಾಗಿ ಲೆಕ್ಕ ಹಾಕುತ್ತದೆ. ಅಲೆಯ ಎತ್ತರವನ್ನು ಮಧ್ಯದಲ್ಲಿ ಇಳಿಸಲು ನನಗೆ ಸಾಧ್ಯವಾದದ್ದು ಇದರಿಂದಲೇ. ನೆತ್ತಿಯ ನೋಡ್‌ಗಳನ್ನು ನಯಗೊಳಿಸುವಂಥ ಕೈಕೆಲಸ ಮಾತ್ರ ಸ್ಥಿರಗೊಳಿಸಿದ ಮೇಲೆಯೇ ಆಗಬೇಕು, ಏಕೆಂದರೆ ಅಲ್ಲಿಯವರೆಗೆ ನಮ್ಮ ಕೈಗೆ ಸಿಗುವುದು ಮೂಲ ಪಾತ್‌ನ ನೋಡ್‌ಗಳು. ಒಂದು ಪ್ರತಿಯನ್ನು ಲೈವ್ ಆಗಿಯೇ ಉಳಿಸಿಕೊಂಡು ಇನ್ನೊಂದು ಪ್ರತಿಯ ಮೇಲೆ ಆಬ್ಜೆಕ್ಟ್ ಟು ಪಾತ್ ಕೊಟ್ಟೆ.

ಕೊನೆಗೆ ಉಳಿದದ್ದು ಪಟ್ಟಿಗಳ ನಡುವಿನ ಕೂದಲೆಳೆಯಂಥ ಬಿಳಿ ಗೆರೆ. ಪಕ್ಕಪಕ್ಕದ ಎರಡು ಆಕೃತಿಗಳು ಒಂದೇ ಅಂಚನ್ನು ಹಂಚಿಕೊಂಡಿದ್ದರೆ, ಆ ಅಂಚಿನ ಮೇಲೆ ಎರಡಕ್ಕೂ ಅದೇ ಜಾಗಗಳಲ್ಲಿ ನೋಡ್ ಇರಬೇಕು. ಒಂದಕ್ಕೆ ನಾಲ್ಕು ತುಂಡು, ಇನ್ನೊಂದಕ್ಕೆ ಎಂಟು ತುಂಡು ಇದ್ದರೆ ಬಾಗಿದ ಮೇಲೆ ಅವು ನೋಡ್‌ಗಳ ನಡುವೆ ಬೇರ್ಪಟ್ಟು ಸೀಳು ಬಿಡುತ್ತವೆ. ನನ್ನ ಪಟ್ಟಿಗಳಲ್ಲಿ ನೋಡ್‌ಗಳು ಸಮನಾಗಿಯೇ ಇದ್ದವು, ಆದರೂ ಗೆರೆ ಕಾಣುತ್ತಿತ್ತು. ಪರದೆಯ ಮೇಲೆ ಅಂಚುಗಳನ್ನು ನಯಗೊಳಿಸುವಾಗ ಪ್ರತಿ ಪಟ್ಟಿಯ ಅಂಚನ್ನೂ ಹಿನ್ನೆಲೆಯ ಜೊತೆ ಪ್ರತ್ಯೇಕವಾಗಿ ಬೆರೆಸುವುದರಿಂದ, ಎರಡೂ ಕೂಡುವಲ್ಲಿ ಹಿನ್ನೆಲೆ ಸ್ವಲ್ಪ ಇಣುಕುತ್ತದೆ. ನೇರ ಅಂಚುಗಳಲ್ಲಿ ಪಿಕ್ಸೆಲ್‌ಗೆ ಸರಿಯಾಗಿ ಕೂತು ಮರೆಯಾಗಿದ್ದ ದೋಷ ಬಾಗಿದ ಅಂಚಿನಲ್ಲಿ ಹೊರಬರುತ್ತದೆ. ಇದಕ್ಕೆ ಪಟ್ಟಿಗಳನ್ನು ಒಂದರ ಮೇಲೊಂದು ಚೂರು ಹತ್ತಿಸುವುದು ಒಂದು ದಾರಿ. ನಾನು ಐದು ಪಟ್ಟಿಗಳ ಏರ್ಪಾಡನ್ನೇ ಬಿಟ್ಟು, ಗಾಢ ಬಣ್ಣದ ಒಂದೇ ಇಡೀ ಬ್ಯಾನರನ್ನು ಕೆಳಗೆ ಹಾಕಿ, ಎರಡನೆಯ ಮತ್ತು ನಾಲ್ಕನೆಯ ಸ್ಥಾನದ ತಿಳಿ ಪಟ್ಟಿಗಳನ್ನು ಮಾತ್ರ ಅದರ ಮೇಲಿಟ್ಟೆ. ಹಂಚಿಕೊಂಡ ಅಂಚೇ ಇಲ್ಲದ ಮೇಲೆ ಹಿನ್ನೆಲೆ ಇಣುಕುವ ಸಂದೂ ಇಲ್ಲ. ನೆಲಕ್ಕೂ ಅದೇ ಕ್ರಮ ಅನುಸರಿಸಿ, ತಿಳಿ ಬಣ್ಣದ ಒಂದೇ ಹಾಸಿನ ಮೇಲೆ ಗಾಢ ಚೌಕಗಳನ್ನಷ್ಟೇ ಜೋಡಿಸಿದೆ.